ಗಂಗಾಧರಸ್ವಾಮಿಯ ಮೀನಿನ ಪೈಪು

ನಿಶ್ಚಿತಾರ್ಥದ ಉಂಗುರ ಇನ್ನೂ ಬೆರಳಿಗೆ ಒಗ್ಗಿರಲಿಲ್ಲ, ಅಷ್ಟರಲ್ಲೇ ಪವಿತ್ರಳಿಗೆ ಗಂಡಿನ ಮೇಲೆ ತಾತ್ಸಾರ ಹುಟ್ಟಿಬಿಟ್ಟಿತು. ಕಾರಣ ಒಂದು ಪೈಪು.

ನಂಜನಗೂಡಿನಿಂದ ಅಪ್ಪ ಅಮ್ಮನ ಜೊತೆ ಗಂಡಿನ ಮನೆ ನೋಡಲು ಬಂದಿದ್ದಳು. ಗಂಡು ಗಂಗಾಧರಸ್ವಾಮಿ, ತಿ. ನರಸೀಪುರದಲ್ಲಿ ಗೊಬ್ಬರದಂಗಡಿ. ಹಾಲ್‌ನಲ್ಲಿ ದೊಡ್ಡ ಅಕ್ವೇರಿಯಂ, ಮೂಲೆಯಲ್ಲಿ ನೀರು ಸೋಸುವ ಡ್ರಮ್ಮು. ಎರಡರ ನಡುವೆ ನೆಲದ ಮೇಲೆಲ್ಲ ಹೊರಳಾಡುವ ಹಸಿರು ಹೋಸ್ ಪೈಪು. ಅದರ ಜಾಯಿಂಟುಗಳಿಗೆ ದಾರ, ದಾರದ ಮೇಲೆ ಸೈಕಲ್ ಟ್ಯೂಬಿನ ತುಂಡು. ಥೂ, ನೋಡೋಕೇ ಅಸಹ್ಯ.

ಅವಳು ಕಾಫಿ ಲೋಟ ಬಾಯಿಗಿಟ್ಟದ್ದೇ ತಡ, ಪೈಪು ಫಟ್ಟಂತ ಕಳಚಿಕೊಂಡಿತು. ನೀರೆಲ್ಲ ಅವಳ ರೇಷ್ಮೆ ಸೀರೆಗೆ.

"ಅಯ್ಯಯ್ಯೋ, ಸಾರಿ ಕಣ್ರೀ!" ಗಂಗಾಧರಸ್ವಾಮಿ ಟವೆಲ್ ಹಿಡಿದು ಓಡಿಬಂದ. ಸೀರೆ ಒರೆಸಲೋ ಬೇಡವೋ ಅಂತ ಕೈ ಮುಂದೆ ಚಾಚಿ ಹಿಂದೆಳೆದುಕೊಂಡ. ಕೊನೆಗೆ ನೆಲ ಒರೆಸಿದ.

"ಇದನ್ನ ಸರಿಮಾಡ್ಸೋಕೆ ಏನು, ಮುಹೂರ್ತ ನೋಡ್ಬೇಕಿತ್ತಾ?"

"ಸದ್ಯಕ್ಕೆ ನಡೀತಿತ್ತು..."

ಸದ್ಯಕ್ಕೆ! ಆ ಮಾತು ಕೇಳಿದರೇ ಅವಳಿಗೆ ಮೈ ಉರಿಯುತ್ತಿತ್ತು. ಅವಳಪ್ಪ ಬಸವಣ್ಣನವರು ಇಡೀ ಸಂಸಾರವನ್ನೇ ಸದ್ಯಕ್ಕೆ ನಡೆಸಿದವರು. ಚಿಲಕಕ್ಕೆ ತಂತಿ, ಕನ್ನಡಕಕ್ಕೆ ದಾರ, ಸೋರುವ ಹಂಚಿಗೆ ಪ್ಲಾಸ್ಟಿಕ್ ಚೀಲ. ಆ ಚೀಲದ ಕೆಳಗೆ ಪಾತ್ರೆ ಇಡುತ್ತಲೇ ಅಮ್ಮನ ಆಯಸ್ಸು ಕಳೆದಿತ್ತು. ಆ ಬಾಳು ತನಗೆ ಬೇಡವೇ ಬೇಡ ಅಂತ ಪವಿತ್ರ ಎಂದೋ ತೀರ್ಮಾನ ಮಾಡಿದ್ದಳು.

ಹಿತ್ತಲಲ್ಲಿ ಸೆರಗು ಹಿಂಡುತ್ತಾ, ಅವನಿಗೆ ಮಾತ್ರ ಕೇಳುವ ಹಾಗೆ ಅಂದಳು, "ನೋಡಿ, ಲಗ್ನಪತ್ರಿಕೆ ಪ್ರಿಂಟಿಗೆ ಹೋಗೋದ್ರೊಳಗೆ ಗಟ್ಟಿ ಪಿವಿಸಿ ಪೈಪ್ ಹಾಕಿ. ಗೋಡೆಗೆ ಕ್ಲ್ಯಾಂಪ್ ಹೊಡೆದು, ಸಲ್ಯೂಷನ್ ಹಚ್ಚಿ ಅಂಟ್ಸಿ. ಒಂದು ಪೈಪನ್ನೇ ನೆಟ್ಟಗೆ ಇಟ್ಕೊಳ್ಳಕ್ಕಾಗದೋರು ಹೆಂಡ್ತಿನ ಏನ್ ಇಟ್ಕೋತೀರಿ? ಇಲ್ಲಾಂದ್ರೆ ಈ ಮದ್ವೆ ಬೇಡ."

ಅವನು ಏನೋ ಹೇಳಲು ಬಾಯಿ ತೆರೆದ. ತನ್ನ ಅಜ್ಜಿ ಮಲಗಿದ್ದ ಒಳಕೋಣೆಯ ಕಡೆ ಒಂದು ಸಲ ನೋಡಿದ. ಆಮೇಲೆ ಅವಳನ್ನು ನೋಡಿದ, ನೋಡುತ್ತಲೇ ಇದ್ದ. "ಆಯ್ತು ಕಣ್ರೀ," ಅಂದ.

ಇಂಥ ದಂಡಪಿಂಡಕ್ಕೆ ಶಿವ ಇಷ್ಟು ಚೆಂದದ ಕಣ್ಣು ಯಾಕೆ ಕೊಟ್ಟನೋ ಅಂತ ಅವಳಿಗೆ ಸಿಟ್ಟು ಬಂತು.

ಕೆಲವು ದಿನ ಕಳೆದು ಪಕ್ಕದ ಮನೆಗೆ ಫೋನ್ ಬಂತು. "ಪೈಪ್ ಹಾಕಿದೀನಿ. ಬಂದು ನೋಡ್ತೀರಾ?"

ತಾನು ಪಾಠ ಮಾಡುವ ಸ್ಕೂಲಿಗೆ ರಜ ಹಾಕಿ, ಅಮ್ಮನಿಗೆ ಟ್ರೈನಿಂಗ್ ಅಂತ ಸುಳ್ಳು ಹೇಳಿ ನರಸೀಪುರದ ಬಸ್ ಹತ್ತಿದಳು. ದಾರಿಯುದ್ದಕ್ಕೂ ಬೈಗುಳ ಹೊಂದಿಸಿಕೊಂಡಳು. ಬೈಯೋಕೆ ಹೋಗುವವಳಿಗೆ ಮೊಳ ಮಲ್ಲಿಗೆ ಯಾಕೆ ಅಂತ ಕೇಳುವವರು ಬಸ್ಸಲ್ಲಿ ಯಾರೂ ಇರಲಿಲ್ಲ.

ಆದರೆ ಬೈಯಲು ಏನೂ ಸಿಗಲಿಲ್ಲ. ಡ್ರಮ್ಮಿನಿಂದ ಗೋಡೆಗುಂಟ ಬೂದುಬಣ್ಣದ ಪೈಪು, ತಿರುವಿಗೆ ಎಲ್ಬೋ, ಅಲ್ಲಲ್ಲಿ ಕ್ಲ್ಯಾಂಪು. ಒಂದು ಹನಿ ಸೋರುತ್ತಿಲ್ಲ. ಅಲ್ಲಾಡಿಸಿ ನೋಡಿದಳು, ಜಪ್ಪಯ್ಯ ಅನ್ನಲಿಲ್ಲ.

"ಯಾರ ಕೈಲಿ ಮಾಡ್ಸಿದ್ರಿ?"

"ನಾನೇ ಮಾಡ್ದೆ." ಬೆರಳುಗಳ ಮೇಲೆಲ್ಲ ಒಣಗಿದ ಸಲ್ಯೂಷನ್ನು. ಅವಳು ನೋಡಿದಳೆಂದು ಕೈ ಹಿಂದೆ ಬಚ್ಚಿಟ್ಟುಕೊಂಡ. ಪವಿತ್ರಳಿಗೆ ನಗು ಬಂತು, ಜೊತೆಗೆ ಆ ಕೈ ಹಿಡಿದು ನೋಡಬೇಕು ಅಂತಲೂ ಅನ್ನಿಸಿತು.

ಅಷ್ಟರಲ್ಲಿ ಒಳಗಿನಿಂದ ಅಜ್ಜಿ ಚನ್ನಬಸಮ್ಮ ಕೂಗಿದರು. "ಲೇ ಗಂಗಾಧರ, ಆ ದರಿದ್ರ ಮೀನ್ಗಳು ಸತ್ತೋದ್ವೇನ್ಲಾ? ಬೈಯಾಕೂ ಒಂದು ಮುಖ ಇಲ್ವಲ್ಲೋ ನಂಗೆ!"

ಅವನ ಮುಖ ಕಪ್ಪಿಟ್ಟಿತು. ಪವಿತ್ರ ಸುಮ್ಮನಿರುವವಳಲ್ಲ. ಮೀನಿನ ತೊಟ್ಟಿಯ ಸ್ಟ್ಯಾಂಡಿಗೆ ಇಳಿಬಿಟ್ಟಿದ್ದ ಬಟ್ಟೆ ಎತ್ತಿ ನೋಡಿದಳು. ಕೆಳಗೆ ಚಕ್ರ. ಅಂಗಡಿಯಲ್ಲಿ ಮೂಟೆ ತಳ್ಳುವ ಗಾಡಿ.

"ಇದೇನ್ರೀ?"

"ಅಜ್ಜಿಗೆ ಸೊಂಟ ಮುರಿದಾಗಿಂದ ಹಾಸಿಗೇನೇ. ಸಂಜೆ ಹೊತ್ತು ತೊಟ್ಟಿ ತಳ್ಕೊಂಡೋಗಿ ಅವ್ರ ಬಾಗ್ಲಲ್ಲಿ ನಿಲ್ಲಿಸ್ತಿದ್ದೆ. ಮೀನುಗಳನ್ನ ಬೈಕೊಂಡು ಎರಡು ತುತ್ತು ತಿನ್ನೋರು. ಹೋಸ್ ಆದ್ರೆ ಜೊತೆಗೆ ಬರ್ತಿತ್ತು. ಎಳೆದೂ ಎಳೆದೂ ಕಳಚ್ಕೋತಿತ್ತು."

"ಈಗ?"

"ಈಗ ತೊಟ್ಟಿ ಅಲ್ಲಾಡಲ್ಲ."

"ಅವತ್ತು ಯಾಕೆ ಬಾಯ್ಬಿಡ್ಲಿಲ್ಲ?"

"ಮದ್ವೆ ಬೇಡ ಅಂದ್ರಲ್ಲ... ಭಯ ಆಯ್ತು."

ಪವಿತ್ರಳ ನೆತ್ತಿ ಕಾದಿತು. "ನಾನು ಏನೂ ತಿಳೀದೆ ಒದರಿದೆ. ಎಲ್ಲ ತಿಳಿದೋರು ನೀವು, ಬಾಯಿಗೆ ಬೀಗ ಹಾಕ್ಕೊಂಡ್ರಿ! ನಾಳೆ ಅಜ್ಜಿನ ಕೊಟ್ಟಿಗೆಗೆ ಹಾಕಿ ಅಂತೀನಿ, ಹಾಕ್ತೀರಾ? ಥೂ ನಿಮ್ಮ! ಗೋಡೆಗೆ ಹೊಡೆದಿರೋ ಈ ಪೈಪಿಗಿರೋ ಗಟ್ಟಿತನ ನಿಮಗಿಲ್ವಲ್ರೀ!"

ಉಂಗುರ ಕಿತ್ತು ತೊಟ್ಟಿಯ ಮೇಲಿಟ್ಟಳು. ಕಣ್ಣಲ್ಲಿ ನೀರು ಬಂತು, ಅದಕ್ಕೂ ಅವನ ಮೇಲೇ ಸಿಟ್ಟು ಬಂತು.

ಗಂಗಾಧರಸ್ವಾಮಿ ಉಂಗುರ ನೋಡಿದ. ಒಳಗೆ ಹೋಗಿ ಗರಗಸ ತಂದು ಪೈಪಿಗೆ ಇಟ್ಟ. ಈ ಸಲ ಅವನ ಮಾತು ತಡವರಿಸಲಿಲ್ಲ.

"ಈ ಪೈಪ್ ಕುಯ್ತೀನಿ. ಮತ್ತೆ ಜೋಡಿಸಲ್ಲ, ನೀವು ಹೇಳಿದ್ರೂ ಜೋಡಿಸಲ್ಲ. ಅಜ್ಜಿ ಇರೋವರ್ಗೂ ಮೀನು ಅವ್ರ ಬಾಗ್ಲಿಗೆ ಹೋಗೋದೇ. ಹೋಸ್ ಕಳಚ್ಕೊಂಡು ನಿಮ್ಮ ಸೀರೆ ನೆಂದ್ರೆ ನೆನೀಲಿ. ಒಪ್ಪಿಗೆ ಇಲ್ದಿದ್ರೆ ಬಸ್ ಸ್ಟ್ಯಾಂಡಿಗೆ ಬಿಟ್ಟು ಬರ್ತೀನಿ." ಗರಗಸದಿಂದ ಕಣ್ಣೆತ್ತಿ ಅವಳನ್ನು ನೋಡಿದ. "ಆದ್ರೆ ನಂಗೆ ನೀವೇ ಬೇಕು. ಬೇರೆ ಯಾರೂ ಬೇಡ."

ಅಬ್ಬಾ, ಕೊನೆಗೂ ಬಾಯಿ ಬಂತು ಮನುಷ್ಯನಿಗೆ!

"ಮೊದ್ಲು ಮೋಟರ್ ಆಫ್ ಮಾಡಿ, ದಡ್ಡ," ಅಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಾಜಿಗೆ ಪೆಟ್ಟಾಗದ ಹಾಗೆ ಪೈಪನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಳು. ಅವನು ಕುಯ್ದ. ಇಬ್ಬರ ಹಣೆಗಳ ನಡುವೆ ಗೇಣು ಜಾಗವೂ ಇರಲಿಲ್ಲ. ಇಬ್ಬರೂ ಪೈಪನ್ನೇ ನೋಡುತ್ತಿದ್ದೇವೆ ಅಂತ ನಟಿಸಿದರು.

ಪೈಪು ತುಂಡಾಯಿತು. ಇಬ್ಬರೂ ಸೇರಿ ತೊಟ್ಟಿಯನ್ನು ಅಜ್ಜಿಯ ಬಾಗಿಲಿಗೆ ತಳ್ಳಿದರು. ಚನ್ನಬಸಮ್ಮ ಮೀನುಗಳಿಗೆ ಮನಸಾರೆ ಬೈದರು. "ತಿಂದೂ ತಿಂದೂ ಎಂಗೆ ಊದ್ಕಂಡವೆ ನೋಡು, ಕೆಲ್ಸಿಲ್ದವು!" ಆಮೇಲೆ ಕಣ್ಣು ಕಿರಿದು ಮಾಡಿ ಪವಿತ್ರಳನ್ನು ನೋಡಿದರು.

"ಇವ್ಳ್ಯಾರ್ಲಾ? ನಿನ್ನ ಮದ್ವೆ ಆಗೋಳಾ?"

ಗಂಗಾಧರಸ್ವಾಮಿ ಅವಳ ಕಡೆ ತಿರುಗಿದ.

"ಆಗೋಳು ಕಣಜ್ಜಿ," ಅಂದಳು ಪವಿತ್ರ. ಅವನ ಮುಖ ನೋಡಲು ಧೈರ್ಯ ಸಾಲದೆ, ಮೀನುಗಳನ್ನೇ ನೋಡುತ್ತಾ, ಬರಿಬೆರಳನ್ನು ಅವನ ಕಡೆ ಚಾಚಿದಳು.