ಟಿಟ್ಟಿಭದ ಮೊಟ್ಟೆಗೆ ನೆರಳಿಲ್ಲ

“ಹಕ್ಕಿ ಆ ಕಡೆ ಐತೆ ಕಣ್ರೀ!” ತನ್ನತ್ತಲೇ ತಿರುಗಿದ್ದ ಬೈನಾಕ್ಯುಲರನ್ನು ಸರ್ವಮಂಗಳಾ ನೀರಿನ ಕಡೆಗೆ ತಳ್ಳಿದಳು.

“ನಂಗೆ ಈ ಕಡೇದೇ ಚೆನ್ನಾಗ್ ಕಾಣ್ತದೆ,” ಎಂದ ರಾಜೇಂದ್ರ.

ಅವಳಿಗೆ ನಗು ಬಂತು, ನಗುವಿನ ಬೆನ್ನಿಗೇ ಹೆದರಿಕೆಯೂ ಬಂತು. ತೊಂಬತ್ತೊಂಬತ್ತನೇ ಇಸವಿಯ ಏಪ್ರಿಲ್. ನಂಜನಗೂಡಿನ ಕಾಲೇಜಿನಲ್ಲಿ ಸ್ಪೆಷಲ್ ಕ್ಲಾಸ್ ಎಂದು ಮನೆಯಲ್ಲಿ ಹೇಳಿ ಬಂದು, ಬೆಳಗ್ಗೆಯಿಂದ ಕೆರೆ ಕೆರೆ ಸುತ್ತಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ನೋಡಿದ್ದಾಯಿತು. ಜೊತೆಗಿದ್ದವನು ಬೇರೆ ಜಾತಿಯವನು. ಅಪ್ಪನಿಗೆ ತಿಳಿದರೆ ಓದಿಗೂ ಎಳ್ಳುನೀರು, ಇವನಿಗೂ ಎಳ್ಳುನೀರು.

ಏರಿಯ ಮೇಲೆ ಟಿವಿಎಸ್ ಕೆಮ್ಮಿತು. ಆ ಕೆಮ್ಮು ಅವಳಿಗೆ ಚೆನ್ನಾಗಿ ಗೊತ್ತು.

“ಅಯ್ಯೋ, ಅಪ್ಪ!” ರಾಜೇಂದ್ರನ ತೋಳು ಎಳೆದುಕೊಂಡು ಜಾಲಿಪೊದೆಯ ಮರೆಗೆ ಕುಕ್ಕರಿಸಿದಳು.

ಹೆಡತಲೆ ಊರಿನ ನೆಂಟರ ಮನೆಗೆ ಹೊರಟಿದ್ದ ಶಿವಮಲ್ಲಪ್ಪ, ಹುಣಸೆಯ ನೆರಳು ಕಂಡು ಗಾಡಿ ನಿಲ್ಲಿಸಿ ಎಲೆಯಡಿಕೆ ಹಾಕಲು ಕೂತರು. ಏಳುವ ಲಕ್ಷಣವೇ ಇರಲಿಲ್ಲ.

ಪೊದೆಯ ಮೇಲೆ ಟಿಟ್ಟಿಭ ಹಕ್ಕಿಯೊಂದು ಕಿರುಚುತ್ತ ಸುತ್ತತೊಡಗಿತು.

“ಹಾಳಾದ್ದು, ಸುಮ್ನಿರಬಾರ್ದಾ!”

“ಅಲ್ನೋಡು ಮಂಗಳಾ.” ಮಾರು ದೂರದ ಬಯಲಲ್ಲಿ, ಬೆಣಚುಕಲ್ಲುಗಳ ನಡುವೆ ಚುಕ್ಕೆಚುಕ್ಕೆಯ ಮೊಟ್ಟೆಗಳಿದ್ದವು. “ನಾವ್ ಇಲ್ಲಿರೋಗಂಟ ಅದು ಬಂದು ಕೂರಲ್ಲ. ಈ ಬಿಸ್ಲಲ್ಲಿ ಬೆಂದೋಯ್ತವೆ.”

“ಎದ್ರೆ ನಾವ್ ಬೆಂದೋಯ್ತೀವಿ.”

“ನೀನ್ ಹೇಳ್ದಂಗೆ. ಕೂತ್ಕೋ ಅಂದ್ರೆ ಕೂತ್ಕೋತೀನಿ.” ಏಟು ಬಿದ್ದರೆ ಮೊದಲು ಬೀಳುವುದು ಯಾರಿಗೆಂದು ಇಬ್ಬರಿಗೂ ಗೊತ್ತಿತ್ತು.

ಅವಳು ಕೈ ಚಾಚಿ ಬಿಸಿಲಿನ ಕಲ್ಲೊಂದನ್ನು ಮುಟ್ಟಿದಳು. ಕಾದ ಹೆಂಚು. ಹಕ್ಕಿಯ ಗಂಟಲು ಆಗಲೇ ಕಟ್ಟಿಹೋಗಿತ್ತು. ಸರ್ವಮಂಗಳಾ ಅವನ ಬೆರಳು ಹಿಡಿದು ಎದ್ದು ನಿಂತಳು.

ಇಬ್ಬರೂ ಏರಿ ಹತ್ತುವಷ್ಟು ಹೊತ್ತೂ ಶಿವಮಲ್ಲಪ್ಪ ರೆಪ್ಪೆ ಬಡಿಯಲಿಲ್ಲ. ಅವಳು ರಾಜೇಂದ್ರನ ಕೈ ಬಿಡಲಿಲ್ಲ.

“ಯಾರವ್ವ ಇವ್ನು?”

“ರಾಜೇಂದ್ರ ಅಂತ ಅಪ್ಪ. ಬನ್ನೂರು ಕಡೆ ಪುಟ್ಟಬಸವಯ್ಯ ಮೇಷ್ಟ್ರ ಮಗ. ನಾನು… ಇವ್ರನ್ ಬಿಟ್ಟು ಬ್ಯಾರೆ ಯಾರ್ನೂ ಮದ್ವೆ ಆಗಲ್ಲ.”

ಇಷ್ಟು ದಿನ ರಾಜೇಂದ್ರ ಎಷ್ಟು ಕಾಡಿದರೂ ಅವಳ ಬಾಯಿಂದ ಬಾರದಿದ್ದ ಮಾತು ಅದು.

ಶಿವಮಲ್ಲಪ್ಪ ಮಗಳ ಮುಖ ನೋಡಿದರು, ಹಿಡಿದ ಕೈಗಳನ್ನು ನೋಡಿದರು. ಎಲೆಯಡಿಕೆ ಉಗಿದು ಗಾಡಿ ಸ್ಟಾರ್ಟ್ ಮಾಡಿದರು.

“ಮನೆಗ್ ನಡೀರಿ,” ಎಂದರು. “ಇಬ್ರೂವೆ.”

ಅದು ಕರೆಯೋ ಬೆದರಿಕೆಯೋ ಅವಳಿಗೆ ತಿಳಿಯಲಿಲ್ಲ. ಧೂಳೆಬ್ಬಿಸಿಕೊಂಡು ಗಾಡಿ ಮುಂದೆ ಹೋಯಿತು. ರಾಜೇಂದ್ರನ ಮುಖ ಬಿಳಿಚಿಕೊಂಡಿತ್ತು, ಆದರೂ ಕಣ್ಣಂಚಲ್ಲಿ ತುಂಟತನ.

“ಅಪ್ಪಂಗ್ ಹೇಳ್ಬುಟ್ಟೆ. ನಂಗ್ ಯಾವಾಗ್ ಹೇಳ್ತೀಯೆ?”

“ದಾರೀಲಿ,” ಎಂದು ಅವಳು ಅವನ ಕೈ ಹಿಡಿದೇ ಹೆಜ್ಜೆ ಹಾಕಿದಳು.