ತಮಾಷೆಗೆ ಒತ್ತೆಬಿದ್ದ ಗಿಟಾರ್

"ಈ ಗಿಟಾರ್ ನಾನು ತಗೊಂಡೆ! ಕೋತಿ ತಿನ್ನೋ ಜನಕ್ಕೆ ಇದರ ಬೆಲೆ ಏನು ಗೊತ್ತು? ಮನೆ ಮಗಳನ್ನ ಕೊಡಿ, ವಾಪಸ್ ಕೊಡ್ತೀನಿ."

ಸಾವಿನ ಮನೆಯ ಅಂಗಳದಲ್ಲಿ ಹಾಗೆ ಕೂಗಿದವನನ್ನು ಲೊಂಬೆ ನೋಡಿದ್ದು ಅದೇ ಮೊದಲು. ಎತ್ತರದ ಆಳು. ಕೋಟನ್ನು ಒಳಗಿನದು ಹೊರಗೆ ಮಾಡಿ ತೊಟ್ಟು, ತಲೆಗೊಂದು ಬುಟ್ಟಿ ಕವುಚಿಕೊಂಡಿದ್ದ. ಕೈಯಲ್ಲಿ ಅವಳ ಅಪ್ಪನ ಗಿಟಾರ್ ಇತ್ತು. ಅಪ್ಪನನ್ನು ಮಣ್ಣು ಮಾಡಿ ಬಂದು ಇನ್ನೂ ಒಂದು ಗಂಟೆ ಆಗಿರಲಿಲ್ಲ.

ಲೊಂಬೆಯ ಮೈ ಉರಿದುಹೋಯಿತು. ಆದರೆ ಸುತ್ತ ಕೂತವರೆಲ್ಲ ನಗುತ್ತಿದ್ದರು...

ನಗದೆ ಏನು ಮಾಡುತ್ತಾರೆ? ಅವನು ಎನ್ಗೋನಿ, ಇವರು ಬೆಂಬಾ. ಅಜ್ಜಂದಿರ ಕಾಲದಲ್ಲಿ ಕಾದಾಡಿ ಸುಸ್ತಾಗಿ, ಕೊನೆಗೆ ಗೇಲಿಯ ನೆಂಟರಾದ ಎರಡು ಬುಡಕಟ್ಟು. ನಮ್ಮ ಗಣಿ ಊರು ಕಿಟ್ವೆಯಲ್ಲಿ ಬೆಂಬಾ ಮನೆಯಲ್ಲಿ ಸಾವಾದರೆ ಅಳುವುದು ಮನೆಯವರ ಪಾಲು, ನಗಿಸುವುದು ಎನ್ಗೋನಿಗಳ ಪಾಲು. ಅವರು ಸತ್ತವರ ವಸ್ತುವೊಂದನ್ನು ಕಸಿದುಕೊಂಡರೂ ಯಾರೂ ತುಟಿ ಬಿಚ್ಚುವಂತಿಲ್ಲ. ಮನೆಯವರು ಒಂದು ಕೋಳಿ ಕೊಟ್ಟು ಬಿಡಿಸಿಕೊಳ್ಳಬೇಕು, ಅಷ್ಟೆ.

ಚಿಕ್ಕಪ್ಪ ಕಪಾಸ ಒಬ್ಬ ಮಾತ್ರ ನಗಲಿಲ್ಲ. ಅವನ ತೋಳಲ್ಲಿ ಖಾಲಿ ಕಂಬಳಿಯೊಂದು ಜೋತಾಡುತ್ತಿತ್ತು. ಅಮ್ಮ ಒಳಗೆ ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು. ಗಂಡನನ್ನು ಕಳೆದುಕೊಂಡವಳು ಆ ದಿನ ಮಾತಾಡಬಾರದು.

ಆ ಗಲಾಟೆಯಲ್ಲಿ ಕೋಳಿಯ ವಿಷಯ ಯಾರಿಗೂ ನೆನಪಾಗಲಿಲ್ಲ. ಗಿಟಾರ್ ಅವನ ಜೊತೆಯೇ ಹೋಯಿತು.

ಲೊಂಬೆಯ ಅಪ್ಪ ಹರೆಯದಲ್ಲಿ 'ದಿ ಲಾಸ್ಟ್ ಕೇಜ್' ಎಂಬ ರಾಕ್ ಬ್ಯಾಂಡ್ ಕಟ್ಟಿದ್ದ. ತಾಮ್ರದ ಗಣಿಗೆ ಆಳುಗಳನ್ನು ಇಳಿಸುವ ಕಬ್ಬಿಣದ ಪಂಜರಕ್ಕೆ ಕೇಜ್ ಅನ್ನುತ್ತಾರೆ. ಅದೇ ಹೆಸರು. ನಾಲ್ಕು ಜನ, ಹತ್ತೊಂಬತ್ತು ತಿಂಗಳು, ಒಂದೇ ಒಂದು ರೆಕಾರ್ಡ್. ಆಮೇಲೆ ಅಪ್ಪನೂ ಅದೇ ಪಂಜರ ಹತ್ತಿ ಗಣಿಗೆ ಇಳಿದ. ಮನೆಯಲ್ಲಿ ಅವನು ಗಿಟಾರ್ ಮುಟ್ಟಿದ್ದನ್ನು ಮಗಳು ಕಂಡೇ ಇರಲಿಲ್ಲ. ಅದು ಬೀರುವಿನ ಮೇಲೆ ದೂಳು ತಿನ್ನುತ್ತಿತ್ತು. ಆದರೂ ಆಸ್ಪತ್ರೆಯಲ್ಲಿ ಕೊನೆಗೆ ಅವನು ಆಡಿದ ಮಾತು ಒಂದೇ... "ಗಿಟಾರ್ ನಿನಗೆ, ಲೊಂಬೆ."

ಚಿಸೊಕೊನೆ ಮಾರ್ಕೆಟ್ಟಿನಲ್ಲಿ ಅವಳದು ಬಟ್ಟೆ ಅಂಗಡಿ. ಹದಿನೈದು ದಿನ ಕಳೆದ ಮೇಲೆ ಆ ಎತ್ತರದ ಆಳು ಅಲ್ಲಿಗೇ ಬಂದ. ಹೆಸರು ವೆಡ್ಸನ್ ಜೆರೆ. ಮಾರ್ಕೆಟ್ಟಿನ ಆ ತುದಿಯಲ್ಲಿ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದ.

"ಹೆಂಡ್ತಿ, ಊಟ ಆಯ್ತಾ?" ಎಂದ, ಹತ್ತು ಜನರ ಮುಂದೆ.

"ನಿನ್ ಥರ ಇಲಿ ಹಿಡ್ಕೊಂಡು ತಿನ್ನೋಳಲ್ಲ ನಾನು. ಗಿಟಾರ್ ಎಲ್ಲಿ?"

"ಹೆಣ್ಣೆಲ್ಲಿ?"

ಮಾರ್ಕೆಟ್ಟೇ ನಕ್ಕಿತು. ಅಂದಿನಿಂದ ಅದು ದಿನದ ಪಾಠವಾಯಿತು. ಅವನು ಬರುವುದು, ಹೆಂಡತಿ ಅನ್ನುವುದು, ಇವಳು ಇಲಿಯ ಮಾತೆತ್ತುವುದು. ಕೋಳಿ ತಂದು ಬಿಡಿಸಿಕೊಂಡರೆ ಮುಗಿಯುತ್ತಿತ್ತು. ನಾಳೆ ತಂದರಾಯಿತು ಎಂದು ಅವಳು ದಿನ ತಳ್ಳಿದಳು. ಯಾಕೆ ತಳ್ಳುತ್ತಿದ್ದೇನೆಂದು ತನ್ನನ್ನು ತಾನು ಕೇಳಿಕೊಳ್ಳಲು ಹೆದರಿದಳು.

ಒಂದು ಮಧ್ಯಾಹ್ನ ಮಳೆ ಸುರಿದಾಗ ಅವನು ತನ್ನ ರೇಡಿಯೋಗಳನ್ನು ಹಾಗೇ ಬಿಟ್ಟು ಓಡಿ ಬಂದು ಇವಳ ಬಟ್ಟೆಗಳ ಮೇಲೆ ಪ್ಲಾಸ್ಟಿಕ್ ಹೊದಿಸಿದ. "ಹೆಂಡ್ತಿ ಬಟ್ಟೆ ನೆನೆದ್ರೆ ನನ್ ಮರ್ಯಾದೆ ಹೋಗುತ್ತೆ," ಎಂದು ನಕ್ಕ. ಅವನ ಅಂಗಿಯಿಂದ ನೀರು ಇಳಿಯುತ್ತಿತ್ತು.

ಅಂದು ಮನೆ ತಲುಪುವವರೆಗೂ ಲೊಂಬೆಯ ತಲೆಯಲ್ಲಿ ಅದೇ ಗೋಜಲು. 'ಇವನ ಮಾತಲ್ಲಿ ಗೇಲಿ ಎಷ್ಟು, ನಿಜ ಎಷ್ಟು? ಎನ್ಗೋನಿ ಬಾಯಲ್ಲಿ ಹೆಂಡತಿ ಅಂದರೆ ನಮಸ್ಕಾರ ಅಂದ ಹಾಗೆ. ನಿಜವೆಂದು ನಂಬಿ ಹತ್ತಿರ ಹೋದರೆ ಊರೇ ನಗುತ್ತದೆ. ಗೇಲಿ ಎಂದು ಬಿಟ್ಟರೆ... ಬಿಟ್ಟರೆ ನನಗೇ ಆಗುವುದಿಲ್ಲ.'

ಅಷ್ಟರಲ್ಲಿ ಜರ್ಮನಿಯಿಂದ ಒಬ್ಬ ಬಿಳಿಯ ಬಂದ. ಲಾಸ್ಟ್ ಕೇಜ್‌ನವರ ರೆಕಾರ್ಡು, ಫೋಟೋ, ವಾದ್ಯ, ಏನು ಸಿಕ್ಕರೂ ಕೊಳ್ಳುತ್ತೇನೆಂದು ಹೋಟೆಲಿನಲ್ಲಿ ಬೀಡುಬಿಟ್ಟ. ನಲವತ್ತು ವರ್ಷ ಯಾರೂ ಮೂಸದ ಬ್ಯಾಂಡಿಗೆ ಇಷ್ಟೊಂದು ಬೆಲೆಯೇ ಎಂದು ಲೊಂಬೆ ಬೆರಗಾದಳು. ಅಂದೇ ಚಿಕ್ಕಪ್ಪ ಕಪಾಸ ಅಂಗಡಿಗೆ ಬಂದು, ನಿನ್ನ ಗೇಲಿ ನೆಂಟ ಗಿಟಾರನ್ನು ಆ ಬಿಳಿಯನಿಗೆ ಮಾರಿಕೊಂಡನಂತೆ ಎಂದು ಕಿವಿ ಊದಿ ಹೋದ.

ಅವಳು ಬಟ್ಟೆಗಳನ್ನು ಹಾಗೇ ಬಿಟ್ಟು ಓಡಿದಳು. ರಿಪೇರಿ ಅಂಗಡಿಯಲ್ಲಿ ಗಿಟಾರ್ ಇರಲಿಲ್ಲ.

"ಎಲ್ಲಿ?"

"ತಿಂದ್ಬಿಟ್ಟೆ. ಉಪ್ಪು ಸ್ವಲ್ಪ ಕಮ್ಮಿ ಆಗಿತ್ತು."

ಲೊಂಬೆ ನಗಲಿಲ್ಲ. ಕಣ್ಣು ತುಂಬಿ ಬಂತು. "ಅಪ್ಪ ನನಗೆ ಅಂತ ಬಿಟ್ಟಿದ್ದು ಅದೊಂದೇ, ವೆಡ್ಸನ್."

ಅವನ ನಗು ಅಲ್ಲೇ ನಿಂತಿತು. "ನಿಮ್ಮಮ್ಮನ್ನ ಕೇಳು," ಎಂದ. ಅವನ ಬಾಯಿಂದ ಗೇಲಿಯಿಲ್ಲದ ಮಾತು ಬಂದದ್ದು ಅದೇ ಮೊದಲು.

ಅಮ್ಮ ಅಂಗಳದಲ್ಲಿ ಒಣಮೀನು ಆರಿಸುತ್ತಿದ್ದಳು. ಮಗಳು ಕೇಳಿದ್ದಕ್ಕೆ ತಲೆಯೆತ್ತದೆ ಹೇಳಿದಳು. ಆ ದಿನ ಕಪಾಸ ಗಿಟಾರನ್ನು ಕಂಬಳಿಯಲ್ಲಿ ಸುತ್ತಿ ಹೊರಡಲಿದ್ದ. ಸತ್ತವನ ತಮ್ಮ ಕೈಹಾಕಿದರೆ ತಡೆಯುವವರು ಯಾರು? ಅವಳು ಮಾತಾಡುವ ಹಾಗಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ವೆಡ್ಸನ್‌ನ ಮುಖ ನೋಡಿದಳು, ಗಿಟಾರ್ ನೋಡಿದಳು. ಅವನು ಬುಟ್ಟಿ ಹೊತ್ತು ಕುಣಿಯುತ್ತಾ ಹೋಗಿ ಕಸಿದುಕೊಂಡ.

"ನನಗ್ಯಾಕೆ ಹೇಳಲಿಲ್ಲಮ್ಮ?"

"ನಿಜ ಗೊತ್ತಾದ್ರೆ ಕಪಾಸ ಹಕ್ಕು ಕೇಳ್ತಾನೆ. ತಮಾಷೆ ಅಂತ ಇರೋವರೆಗೂ ಯಾರೂ ಮುಟ್ಟೋ ಹಾಗಿಲ್ಲ ಮಗಾ. ನಿಮ್ಮಪ್ಪ ಸಾಯಂಕಾಲ ಎಲ್ಲಿಗೆ ಹೋಗ್ತಿದ್ರು ಅನ್ಕೊಂಡೆ? ಹೆಂಡದಂಗಡಿಗಲ್ಲ. ವೆಡ್ಸನ್ ಅಂಗಡಿಗೆ, ಅವನಿಗೆ ಗಿಟಾರ್ ಕಲಿಸೋಕೆ."

ಶನಿವಾರ ಅಮ್ಮ ಅವಳನ್ನು ಚರ್ಚಿಗೆ ಕಳಿಸಿದಳು. ಹಿಂದಿನ ಕೋಣೆಯಲ್ಲಿ ಮೂರು ಹುಡುಗಿಯರು, ಒಬ್ಬ ನಿವೃತ್ತ ಗಣಿ ಕಾರ್ಮಿಕ ಸಾಲಾಗಿ ಕೂತಿದ್ದರು. ಅಪ್ಪನ ಗಿಟಾರ್ ಕೈಯಿಂದ ಕೈಗೆ ಹೋಗುತ್ತಿತ್ತು. "ಮೊದಲು ಕೇಜ್ ಇಳಿಸಿ," ಎನ್ನುತ್ತಿದ್ದ ವೆಡ್ಸನ್. ಪ್ರತಿಯೊಬ್ಬರೂ ಒಂದೇ ಸ್ವರಗಳನ್ನು ಮೇಲಿಂದ ಕೆಳಕ್ಕೆ ಇಳಿಸುತ್ತಿದ್ದರು.

ಲೊಂಬೆ ಬಾಗಿಲಲ್ಲೇ ನಿಂತಳು. ಆ ಸ್ವರಗಳು ಅವಳಿಗೆ ಗೊತ್ತು. ಹುಟ್ಟಿದಾಗಿನಿಂದ ಬಸ್ಸಿನಲ್ಲಿ, ಮದುವೆಯಲ್ಲಿ, ಚರ್ಚಿನ ಹಾಡಿನಲ್ಲಿ ಕೇಳಿದ್ದಾಳೆ. ಗಿಟಾರ್ ಹಿಡಿದ ಕಿಟ್ವೆಯವರೆಲ್ಲ ಮೊದಲು ಕಲಿಯುವುದೇ ಅದು.

"ಇದನ್ನ ಯಾರು ಮಾಡಿದ್ದು ಸರ್?" ಹುಡುಗಿಯೊಬ್ಬಳು ಕೇಳಿದಳು.

"ಮಾಡಿದವರ ಮಗಳು ಬಾಗಿಲಲ್ಲಿ ನಿಂತಿದ್ದಾರೆ," ಎಂದ ವೆಡ್ಸನ್.

ಎಲ್ಲರೂ ಎದ್ದು ನಿಂತರು. ಹತ್ತೊಂಬತ್ತೇ ತಿಂಗಳು ಬಾಳಿದ ಬ್ಯಾಂಡು ಊರಿನ ಬೆರಳುಗಳಲ್ಲೆಲ್ಲ ಉಳಿದುಬಿಟ್ಟಿತ್ತು. ಸ್ವಂತ ಮಗಳಿಗೇ ಅದು ತಿಳಿದಿರಲಿಲ್ಲ. ಲೊಂಬೆ ಮುಖ ಮುಚ್ಚಿಕೊಂಡು ಅತ್ತಳು.

ಸೋಮವಾರ ಅವಳು ಕಂಕುಳಲ್ಲಿ ಕೋಳಿ ಇಟ್ಟುಕೊಂಡು ರಿಪೇರಿ ಅಂಗಡಿಗೆ ಹೋದಳು. ಹೆಣ್ಣೆಲ್ಲಿ ಎಂದು ಅವನು ಕೇಳಲಿ ಎಂದು ಕಾದಳು. ಅವನು ಕೇಳಲಿಲ್ಲ. ಕೋಳಿ ತಗೊಂಡ, ಗಿಟಾರ್ ಒರೆಸಿ ಕೊಟ್ಟ. ಮಗಳು ಕೋಳಿ ಕೊಟ್ಟು ಬಿಡಿಸಿಕೊಂಡದ್ದನ್ನು ಇನ್ನು ಕಪಾಸನೂ ಕೇಳುವಂತಿರಲಿಲ್ಲ.

"ಸರಿಯಾಯ್ತು. ಇನ್ನು ನಮ್ಮಿಬ್ಬರ ನಡುವೆ ಒತ್ತೆ ಏನೂ ಇಲ್ಲ," ಎಂದ.

ಅಷ್ಟೆ! ಅಪ್ಪನ ಗಿಟಾರ್ ಎದೆಗಪ್ಪಿಕೊಂಡು ಅವಳು ಬರಿಗೈಯಲ್ಲಿ ಹೋದವಳಂತೆ ಮನೆಗೆ ನಡೆದಳು. 'ಹಾಗಾದರೆ ಎಲ್ಲಾ ಗೇಲಿಯೇ... ನಾನೇ ಹುಚ್ಚಿ.' ಆ ವಾರವೆಲ್ಲ ಅವನು ಅಂಗಡಿಯತ್ತ ಸುಳಿಯಲಿಲ್ಲ. ಹೆಂಡತಿ ಎನ್ನುವವರಿಲ್ಲದೆ ಅವಳಿಗೆ ಮಾರ್ಕೆಟ್ಟೇ ಬಿಕೋ ಎಂದಿತು.

ಭಾನುವಾರ ಚರ್ಚು ಮುಗಿದ ಮೇಲೆ ಮುದುಕ ಸಿಂಕಾಲ ಬಂದ. ಲಾಸ್ಟ್ ಕೇಜ್‌ನಲ್ಲಿ ಬೇಸ್ ಗಿಟಾರ್ ಬಾರಿಸುತ್ತಿದ್ದವನು, ನಾಲ್ವರಲ್ಲಿ ಉಳಿದಿದ್ದವನು ಅವನೊಬ್ಬನೇ. ಗರಿಗರಿ ಕೋಟು ತೊಟ್ಟಿದ್ದ. ಅಮ್ಮನ ಮುಂದೆ ಮಂಡಿಯೂರಿ, ಬಿಳಿಬಟ್ಟೆ ಮುಚ್ಚಿದ ತಟ್ಟೆಯೊಂದನ್ನು ಇಟ್ಟು, ಮೆಲ್ಲಗೆ ಚಪ್ಪಾಳೆ ತಟ್ಟಿದ.

ಹಾಗೆ ತಟ್ಟೆ ತರುವುದು ಹೆಣ್ಣು ಕೇಳುವ ಮಧ್ಯಸ್ಥ. ಗೇಲಿಗೆ ಏನು ಬೇಕಾದರೂ ಮಾಡಬಹುದು, ಮಧ್ಯಸ್ಥನನ್ನು ಕಳಿಸುವಂತಿಲ್ಲ.

"ವೆಡ್ಸನ್ ಜೆರೆ ಕಳಿಸಿದ್ದಾನೆ," ಎಂದ ಸಿಂಕಾಲ. "ಒತ್ತೆ ಇಟ್ಕೊಂಡು ಹೆಣ್ಣು ಕೇಳಿದ್ರೆ ಅದು ತಮಾಷೆ ಆಗುತ್ತೆ. ಅದಕ್ಕೇ ಮೊದಲು ಗಿಟಾರ್ ಕೊಟ್ಟು ಕೈ ಖಾಲಿ ಮಾಡ್ಕೊಂಡೆ ಅಂತ ಹೇಳು ಅಂದ."

ಅಮ್ಮ ಬಟ್ಟೆ ಸರಿಸಿದಳು. ತಟ್ಟೆಯಲ್ಲಿ ತಂತಿ ಮೀಟುವ ಪುಟ್ಟ ಬಿಲ್ಲೆ ಇತ್ತು. ಬಾಚಣಿಗೆ ಕತ್ತರಿಸಿ ಮಾಡಿದ್ದು, ಅಂಚು ಸವೆದಿತ್ತು. ಅಪ್ಪನೇ ವೆಡ್ಸನ್‌ಗೆ ಕೊಟ್ಟದ್ದಂತೆ.

"ಆ ಬಾಚಣಿಗೆ ನಂದು," ಮುದುಕ ಗೊಣಗಿದ. "ನಿಮ್ಮಪ್ಪ ಕೇಳದೆ ಕತ್ತರಿಸಿದ್ದ."

ಅಮ್ಮ ಅಳುತ್ತಲೇ ನಕ್ಕಳು. ಬಿಲ್ಲೆ ಇಟ್ಟುಕೊಂಡರೆ ಒಪ್ಪಿಗೆ, ತಿರುಗಿ ಕೊಟ್ಟರೆ ಇಲ್ಲ. ಉತ್ತರ ನಾಳೆ, ಮಗಳೇ ಕೊಡುತ್ತಾಳೆ ಎಂದು ಹೇಳಿ ಕಳಿಸಿದಳು.

ಮರುದಿನ ಲೊಂಬೆ ಮುಷ್ಟಿ ಬಿಗಿದುಕೊಂಡು ರಿಪೇರಿ ಅಂಗಡಿಯ ಮುಂದೆ ನಿಂತಳು. ವೆಡ್ಸನ್ ಎದ್ದು ನಿಂತ. ಅವನ ಕಣ್ಣು ಅವಳ ಮುಷ್ಟಿಯ ಮೇಲೇ ಇತ್ತು.

"ಇಲಿ ತಿನ್ನೋರ ಮನೇಲಿ ನಾನು ಹೇಗಪ್ಪಾ ಬಾಳಲಿ?" ಎಂದಳು.

ಅವನ ಮುಖ ಗಲಿಬಿಲಿಯಾಯಿತು. "ಲೊಂಬೆ... ಇದು ತಮಾಷೆನಾ? ನಿಜಾನಾ?"

"ಇಷ್ಟು ದಿನ ನಾನು ಹೀಗೇ ಒದ್ದಾಡಿದ್ದು. ನೀನೂ ಸ್ವಲ್ಪ ಒದ್ದಾಡು."

"ತಿರುಗಿ ಕೊಡೋಕೆ ಬಂದಿದ್ರೆ ಕೊಟ್ಬಿಡು. ತಡ್ಕೋತೀನಿ," ಎಂದು ಅವನು ಅಂಗೈ ಚಾಚಿದ.

ಲೊಂಬೆ ಅವನ ಅಂಗೈಯ ಮೇಲೆ ತನ್ನ ಮುಷ್ಟಿ ಇಟ್ಟು, ಮೆಲ್ಲಗೆ ಬಿಚ್ಚಿದಳು.

ಅದರಲ್ಲಿ ಏನೂ ಇರಲಿಲ್ಲ.