ನಳಿಗೆಯ ಮೇಲಿನ ಹೆಸರು

ಆ ಕೋವಿಯನ್ನು ಟೋಬಿಯಾಸ್ ಗ್ರೇಬಿಲ್ ತನ್ನ ಆಯುಷ್ಯದಲ್ಲಿ ಮೂರು ಸಲ ಕೇಳಿದ್ದನು. ಮೂರು ಸಲವೂ ನೆರೆಯ ರೂಬೆನ್ ಹಾರ್ನಿಶ್ ಕೊಡಲಿಲ್ಲ. ಅದನ್ನು ಇನ್ನೂರು ವರ್ಷಗಳ ಹಿಂದೆ ಮಾಡಿದವನು ಟೋಬಿಯಾಸನ ಮುತ್ತಜ್ಜನ ಅಜ್ಜ ಯೋಸ್ಟ್ ಗ್ರೇಬಿಲ್. ಒಂದು ಕೆಟ್ಟ ಚಳಿಗಾಲದಲ್ಲಿ ಎರಡು ಮೂಟೆ ಗೋಧಿಗೆ ಅದನ್ನು ಹಾರ್ನಿಶರ ಮನೆಗೆ ಕೊಟ್ಟುಬಿಟ್ಟವನು ಟೋಬಿಯಾಸನ ಅಜ್ಜ. "ನಿಮ್ಮಜ್ಜ ಹಸಿದು ಕೊಟ್ಟಿದ್ದನ್ನ ನೀನು ಹೊಟ್ಟೆ ತುಂಬಿದ ಮೇಲೆ ಕೇಳ್ತೀಯಲ್ಲೋ," ಎಂದು ರೂಬೆನ್ ಕೊನೆಯ ಸಲ ನಕ್ಕಿದ್ದನು. ಟೋಬಿಯಾಸ್ ತನ್ನ ಒಬ್ಬನೇ ಮಗ ಕಾರ್ಲ್‌ನನ್ನು ಮಣ್ಣು ಮಾಡಿದ ವರ್ಷ ಅದು. ರೂಬೆನ್‌ದು ಕೆಟ್ಟ ಮನಸ್ಸಲ್ಲ, ನಾಲಿಗೆ ಹಾಗೆ. ಆದರೂ ಆ ನಗು ಟೋಬಿಯಾಸನ ಎದೆಯಲ್ಲಿ ಉಳಿಯಿತು.

ಕಾರ್ಲ್‌ಗೆ ಮಕ್ಕಳಿರಲಿಲ್ಲ. ಗ್ರೇಬಿಲ್ ಎಂಬ ಹೆಸರು ಇನ್ನು ಟೋಬಿಯಾಸನೊಂದಿಗೇ ಮುಗಿಯುವಂಥದು. ಚರ್ಚಿನ ಹಿಂದೆ ಯೋಸ್ಟನ ಸಮಾಧಿಯ ಕಲ್ಲು ಮಳೆಗೆ, ಹಿಮಕ್ಕೆ ಸವೆದು ಬೋಳಾಗಿತ್ತು. ಅವನು ಕೈಯಾರೆ ಕೆತ್ತಿದ ಹೆಸರು ಲೋಕದಲ್ಲಿ ಉಳಿದದ್ದು ಆ ಕೋವಿಯ ನಳಿಗೆಯ ಮೇಲೆ ಮಾತ್ರ.

ರೂಬೆನ್ ತೀರಿಕೊಂಡ ಮೇಲೆ ಅವನ ಹೆಂಡತಿ ಸಲೋಮ ಕೋವಿಯನ್ನು ಕೌದಿಯಲ್ಲಿ ಸುತ್ತಿಕೊಂಡು ಟೋಬಿಯಾಸನ ಕಾರ್ಯಾಗಾರಕ್ಕೆ ಬಂದಳು. ಲ್ಯಾಂಕಾಸ್ಟರ್ ಊರಿನ ಸುತ್ತಮುತ್ತ ಹಳೆಯ ಕೋವಿಗಳಿಗೆ ಬೆಲೆ ಕಟ್ಟುವುದರಲ್ಲಿ ಅವನ ಮಾತೇ ಕೊನೆಯ ಮಾತು. ಬರಗಾಲದ ನಾಡಿಗೆ ಧಾನ್ಯ ಕಳಿಸಲು ಅವಳ ಚರ್ಚಿನ ಸಭೆಯವರು ನಡೆಸುವ ಹರಾಜಿಗೆ ಅದನ್ನು ಕೊಡುವ ಮನಸ್ಸು ಮಾಡಿದ್ದಳು.

"ಎಷ್ಟು ಬಾಳತ್ತೆ ಅಂತ ಹೇಳು, ಟೋಬಿಯಾಸ್. ಜಾಸ್ತಿನೂ ಬೇಡ, ಕಮ್ಮಿನೂ ಬೇಡ," ಎಂದಳು.

ಕೇಳಿದ್ದರೆ ಕೊಟ್ಟುಬಿಡುತ್ತಿದ್ದಳೋ ಏನೋ. ನಾಲ್ಕನೆಯ ಸಲ ಕೈಚಾಚಲು ಅವನಿಗೆ ಮನಸ್ಸಾಗಲಿಲ್ಲ.

ಒಂದು ವಾರ ಅವನು ಅದರ ಮುಂದೆ ಕುಳಿತನು. ಹುಲಿಪಟ್ಟೆಯಂತೆ ಗೆರೆ ಮೂಡಿದ ಮೇಪಲ್ ಮರದ ಹಿಡಿ, ಕೆನ್ನೆ ತಾಗುವಲ್ಲಿ ಕೆತ್ತಿದ ಬಳ್ಳಿ, ಗುಂಡಿಗೆ ಸುತ್ತುವ ಬಟ್ಟೆಚೂರು ಇಡುವ ಹಿತ್ತಾಳೆಯ ಪುಟ್ಟ ಪೆಟ್ಟಿಗೆ, ಮದ್ದಿಗೆ ಕಿಡಿ ಹಾರಿಸುವ, ಯಾರೂ ಬದಲಿಸದ ಹಳೆಯ ಚಕಮಕಿ ಕೀಲು. ಎಂಟು ಮೂಲೆಯ ನಳಿಗೆಯನ್ನು ಮರದಿಂದ ಬಿಡಿಸಿದಾಗ ಅಡಿಯಲ್ಲಿ ಸುತ್ತಿಗೆಯ ಪೆಟ್ಟುಗಳು ಹಾಗೇ ಇದ್ದವು. ಮೇಲಿನ ಹೆಸರನ್ನು ಭೂತಗನ್ನಡಿಯಲ್ಲಿ ನೋಡಿದನು. ಅಕ್ಷರದ ಅಂಚುಗಳು ಮೃದುವಾಗಿ ಸವೆದಿದ್ದವು, ಅವುಗಳ ಒಳಗಿನ ತುಕ್ಕು ಸುತ್ತಲಿನ ಕಬ್ಬಿಣದ ಬಣ್ಣವನ್ನೇ ಹೊಂದಿತ್ತು. ಅದು ಯೋಸ್ಟನೇ ಕೆತ್ತಿದ ಹೆಸರು, ಸಂಶಯಕ್ಕೆ ಎಡೆಯೇ ಇರಲಿಲ್ಲ. ವ್ಯಾಪಾರಿಗಳು ಹನ್ನೆರಡು ಸಾವಿರ ಡಾಲರಿಗೆ ಹೊಡೆದಾಡುವ ವಸ್ತು. ಅವನ ಬಳಿ ಒಂದು ಸಾವಿರವೂ ಇರಲಿಲ್ಲ.

ಅದನ್ನು ಅಗ್ಗಕ್ಕೆ ಕೊಳ್ಳುವ ಯೋಜನೆಯಲ್ಲಿ ಸುಳ್ಳು ಒಂದೇ ಇರಬೇಕೆಂದು ತೀರ್ಮಾನಿಸಿದನು. ಕೋವಿ ಹಳೆಯದು, ಕೆಲಸ ಒಳ್ಳೆಯದು, ಹೆಸರು ಮಾತ್ರ ಯೋಸ್ಟ್ ಸತ್ತ ಮೇಲೆ, ಕೋವಿ ಹಾರ್ನಿಶರ ಮನೆ ಸೇರುವ ಮೊದಲೇ, ಯಾವನೋ ಮೋಸಗಾರ ಕೆತ್ತಿದ್ದು. ಕಳ್ಳ ಹೆಸರು ಬಿದ್ದ ಕೋವಿಯ ಹತ್ತಿರ ಗಿರಾಕಿಗಳು ಸುಳಿಯುವುದಿಲ್ಲ. ಸುಳ್ಳು ಬಾಯಲ್ಲಿ ಮಾತ್ರ ಇರಲಿ, ಕಬ್ಬಿಣದ ಮೇಲೆ ಒಂದು ಗೀರೂ ಬೀಳಬಾರದು. ಒಂದೆರಡು ವರ್ಷ ಕಳೆದು, ಮುದುಕನ ಕಣ್ಣು ಅಂದು ತಪ್ಪಿತ್ತು ಎಂದರೆ ಯಾರು ಹಿಡಿದು ಕೇಳುತ್ತಾರೆ?

ಸಲೋಮಳನ್ನೂ ಅವನು ತೂಗಿ ನೋಡಿದ್ದನು. ಸಂತೆಯಲ್ಲಿ ಪೀಚ್ ಮಾರುವಾಗ ಪೆಟ್ಟಾದ ಹಣ್ಣನ್ನು ಕೊಳ್ಳುವವರಿಗೆ ಕಾಣುವಂತೆ ಬುಟ್ಟಿಯ ಮೇಲೇ ಇಡುವ ಹೆಂಗಸು. ಅಂಥವರು ಇನ್ನೊಬ್ಬರ ಮಾತನ್ನು ಪರೀಕ್ಷಿಸುವುದಿಲ್ಲ. ಅವಳ ಸತ್ಯದ ಮೇಲೆಯೇ ಅವನು ತನ್ನ ಸುಳ್ಳನ್ನು ನಿಲ್ಲಿಸಿದನು. ಆ ವಾರ ಊಟದ ಮುಂಚಿನ ಪ್ರಾರ್ಥನೆಗೆ ಮಾತ್ರ ಅವನ ಬಾಯಿ ತೆರೆಯಲಿಲ್ಲ.

ಆತುರ ತೋರಬಾರದೆಂದು ಕೋವಿಯನ್ನು ತಾನೇ ಹೊತ್ತು ಅವಳ ಮನೆಗೆ ಒಯ್ದನು. ಅವಳು ಕಾಕಂಬಿಯ ಪೈ ಕತ್ತರಿಸಿಕೊಟ್ಟಳು. ಅವನು ಹೆಸರು ಖೋಟಾ ಎಂದು ಹೇಳಿ, ನಾನೂರು ಡಾಲರ್ ಬಾಳೀತು ಎಂದನು. ಹರಾಜಿನಲ್ಲಿ ನಗೆಪಾಟಲಾಗುವ ಬದಲು ತಾನೇ ಅಷ್ಟು ಕೊಟ್ಟು ಗೋಡೆಗೆ ತೂಗುಹಾಕುತ್ತೇನೆ, ಯೋಚಿಸಿ ನೋಡು ಎಂದನು. ಅವಳು ಒಲೆಯ ಮೇಲಿನ ಗೋಡೆಯಲ್ಲಿ ಕೋವಿ ತೂಗುತ್ತಿದ್ದ ಜಾಗವನ್ನು ನೋಡಿದಳು.

"ಹಾಗಾದ್ರೆ ಇಷ್ಟು ವರ್ಷ ನಮ್ಮ ಒಲೆ ಮೇಲೆ ಸುಳ್ಳು ಇತ್ತು ಅನ್ನು," ಎಂದಳು. ಅದು ಒಪ್ಪಿಗೆಯ ಮಾತೆಂದು ತಿಳಿದು ಅವನು ಕೋವಿಯನ್ನು ಅಲ್ಲೇ ಬಿಟ್ಟು ಬಂದನು.

ನಾಲ್ಕನೆಯ ದಿನ ಮಧ್ಯಾಹ್ನ ಅವಳೇ ಕೌದಿಯ ಗಂಟು ಹೊತ್ತು ಬಂದಳು. ಅವನು ಮೇಜಿನ ಮೇಲೆ ಹಣ ಇಟ್ಟನು. ಗೋಡೆಯಲ್ಲಿ ಎರಡು ಗೂಟಗಳನ್ನು ಆಗಲೇ ಹೊಡೆದಿದ್ದನು, ಕಾರ್ಲ್‌ನ ಚಿತ್ರದ ಕೆಳಗೆ. "ಸುಳ್ಳು ಹೆಸರು ಹೊತ್ತಿದ್ದನ್ನ ಹ್ಯಾಗೆ ಮಾರ್ಲಿ, ಟೋಬಿಯಾಸ್? ಅದೂ ನಿಮ್ಮ ಮನೆತನದ ಹೆಸರು. ನಿನ್ನ ಕೈಗೆ ಹಾಗೇ ಕೊಡೋಕೆ ನಾಚಿಕೆ ಆಯ್ತು," ಎನ್ನುತ್ತ ಅವಳು ಕೌದಿಯನ್ನು ಬಿಡಿಸಿದಳು. ಅವಳ ಬೆರಳಿಗೆಲ್ಲ ಬಟ್ಟೆ ಸುತ್ತಿತ್ತು. "ರೂಬೆನ್‌ದು ಕುದುರೆ ಗೊರಸಿನ ಅರ ಇತ್ತಲ್ಲ, ಎರಡು ದಿನ ಕೂತು ಉಜ್ಜಿದೆ. ನೋಡು, ಒಂದು ಅಕ್ಷರನೂ ಉಳಿದಿಲ್ಲ." ಟೋಬಿಯಾಸ್ ನಳಿಗೆಯ ಮೇಲೆ ಬೆರಳಿಟ್ಟನು. ಕಬ್ಬಿಣ ಹೊಸದರಂತೆ ಬೆಳ್ಳಗೆ ಹೊಳೆಯುತ್ತಿತ್ತು. ಅವನು ಬೆರಳನ್ನು ಆ ಕೊನೆಯಿಂದ ಈ ಕೊನೆಗೆ ಎಳೆದನು. ಅದು ಎಲ್ಲಿಯೂ ತಡೆಯಲಿಲ್ಲ.